ಉಲ್ಲೇಖದ ಎಣಿಕೆ ಮತ್ತು ಉಲ್ಲೇಖದ ಓದು: ಯಲ್ಲಾಪ್ರಗಡ ಸುಬ್ಬರಾವ್ ಅವರ ಪ್ರಕಟಣೆಗಳನ್ನು ಕುರಿತು

೧. ಪ್ರಸ್ತಾವನೆ

ಸಂಶೋಧಕನೊಬ್ಬನ ಸಾಧನೆಯನ್ನು ಅಳೆಯುವ ಬಗೆ ಯಾವುದು ಎಂಬುದು ವಿದ್ಯಾಕ್ಷೇತ್ರದ ಹಳೆಯ ಪ್ರಶ್ನೆ. ಆತ ಎಷ್ಟು ಬರೆದ, ಆತನ ಬರಹವನ್ನು ಎಷ್ಟು ಮಂದಿ ತಮ್ಮ ಬರಹಗಳಲ್ಲಿ ಉಲ್ಲೇಖಿಸಿದರು ಎಂಬ ಎರಡು ಲೆಕ್ಕಗಳಿಂದ ಇದಕ್ಕೆ ಉತ್ತರ ಕಂಡುಕೊಳ್ಳುವ ರೂಢಿ ಮೊದಲು ವಿಜ್ಞಾನ, ವೈದ್ಯಕೀಯ ವಿಭಾಗಗಳಲ್ಲಿ ನೆಲೆಗೊಂಡು, ಈಗ ಭಾಷಾ ವಿಭಾಗಗಳಿಗೂ ಬಂದಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2010ರ ನಿಯಮಾವಳಿಯಲ್ಲಿ ಅಧ್ಯಾಪಕರ ಸಾಧನೆಗೆ ಅಂಕಗಳನ್ನು ಗೊತ್ತುಪಡಿಸಿದ ಮೇಲೆ ಕನ್ನಡ ಅಧ್ಯಾಪಕರೂ ತಮ್ಮ ಕೆಲಸವನ್ನು ಸಂಖ್ಯೆಗಳಲ್ಲಿ ಹೇಳಲು ಕಲಿಯಬೇಕಾಯಿತು.

ಕೆಲವು ವರ್ಷಗಳ ಹಿಂದೆ ಕಿರಿಯ ಅಧ್ಯಾಪಕರೊಬ್ಬರ ಬಡ್ತಿಯ ಅರ್ಜಿಯನ್ನು ಪರಿಶೀಲಿಸುವ ಸಂದರ್ಭ ನನಗೆ ಒದಗಿತು. ಅವರು ನಾಲ್ಕು ಓಲೆಪ್ರತಿಗಳನ್ನು ಹೋಲಿಸಿ ಹಳಗನ್ನಡ ಕೃತಿಯೊಂದನ್ನು ಸಂಪಾದಿಸಿದ್ದರು. ಅರ್ಜಿಯಲ್ಲಿ 'ಉಲ್ಲೇಖಗಳ ಸಂಖ್ಯೆ' ಎಂಬ ಅಂಕಣವಿತ್ತು. ಅಲ್ಲಿ ಅವರು ಸೊನ್ನೆ ಎಂದು ಬರೆದಿದ್ದರು. ಆ ಆವೃತ್ತಿಯ ಪಾಠವನ್ನೇ ಆಧರಿಸಿದ ಪಿಎಚ್.ಡಿ. ಪ್ರಬಂಧಗಳನ್ನು ನಾನೇ ಓದಿದ್ದೆ. ಆದರೂ ಆ ಸೊನ್ನೆಯನ್ನು ಪ್ರಶ್ನಿಸದೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಪ್ರಸ್ತುತ ಲೇಖನ ಆ ಸಹಿಯ ಬಗೆಗಿನ ಮರುಚಿಂತನೆಯೂ ಹೌದು.

ಉಲ್ಲೇಖಗಳ ಎಣಿಕೆಯು ಅದು ಹುಟ್ಟಿ ಬೆಳೆದ ವಿಜ್ಞಾನಕ್ಷೇತ್ರದಲ್ಲಾದರೂ ಸಾಧನೆಯನ್ನು ಸರಿಯಾಗಿ ತೋರಿಸುತ್ತದೆಯೇ? ಈ ಪ್ರಶ್ನೆಯನ್ನು ಮದರಾಸಿನಲ್ಲಿ ವೈದ್ಯಶಿಕ್ಷಣ ಪಡೆದ ಯಲ್ಲಾಪ್ರಗಡ ಸುಬ್ಬರಾವ್ (1895–1948) ಅವರ ಪ್ರಕಟಣೆಗಳ ಮೂಲಕ ಪರಿಶೀಲಿಸಿ, ಅದರಿಂದ ಕನ್ನಡ ಸಂಶೋಧನೆಗೆ ದೊರೆಯುವ ತಿಳಿವಳಿಕೆಯನ್ನು ಸೂಚಿಸುವುದು ಇಲ್ಲಿಯ ಉದ್ದೇಶ.

೨. ಉಲ್ಲೇಖ: ನಮ್ಮ ಪರಂಪರೆಯಲ್ಲಿ

ಉಲ್ಲೇಖವೆಂಬುದು ಕನ್ನಡಕ್ಕೆ ಹೊಸದಲ್ಲ. ನಮಗೆ ದೊರೆತಿರುವ ಮೊದಲ ಗ್ರಂಥವಾದ ಕವಿರಾಜಮಾರ್ಗವೇ ತನಗಿಂತ ಹಿಂದಿನ ಗದ್ಯಕಾರರೆಂದು ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರನ್ನೂ ಪದ್ಯಕಾರರೆಂದು ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲರನ್ನೂ ಹೆಸರಿಸುತ್ತದೆ. ಇವರ ಕನ್ನಡ ಕೃತಿಗಳಲ್ಲಿ ಒಂದೂ ನಮಗೆ ಉಳಿದಿಲ್ಲ. ಉಳಿದಿರುವುದು ಉಲ್ಲೇಖ ಮಾತ್ರ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ತನ್ನ ಲಕ್ಷ್ಯಗಳಿಗೆ ಆಧಾರರಾದ ಗಜಗ, ಗುಣನಂದಿ, ಮನಸಿಜ, ಅಸಗ, ಚಂದ್ರಭಟ್ಟ, ಗುಣವರ್ಮ ಮೊದಲಾದವರ ಹೆಸರುಗಳನ್ನು ಮೊದಲಲ್ಲೇ ಹೇಳುತ್ತಾನೆ. ಅವನ ತಂದೆ ಮಲ್ಲಿಕಾರ್ಜುನನ ಸೂಕ್ತಿಸುಧಾರ್ಣವದಲ್ಲಿ ಪೂರ್ವಕವಿಗಳ ಪದ್ಯಗಳು ಸಂಕಲನಗೊಂಡಿವೆ. ಒಂದನೆಯ ಗುಣವರ್ಮನ ಶೂದ್ರಕ, ಹರಿವಂಶಗಳ ಪರಿಚಯ ನಮಗಾಗುವುದು ಇಂಥ ಉದ್ಧೃತ ಪದ್ಯಗಳಿಂದಲೇ.

ಈ ಉಲ್ಲೇಖಗಳೆಲ್ಲ ಒಂದೇ ಬಗೆಯವಲ್ಲ ಎಂಬುದನ್ನು ಗಮನಿಸಬೇಕು. ಕೇಶಿರಾಜ ಅಸಗನನ್ನು ಹೆಸರಿಸುವುದು ಆಧಾರಕ್ಕಾಗಿ. ಪೊನ್ನ ಅವನನ್ನು ನೆನೆಯುವುದು ತಾನು ಅವನಿಗಿಂತ ಮಿಗಿಲೆಂದು ಸಾರುವುದಕ್ಕಾಗಿ. ಎಣಿಸುವವನಿಗೆ ಇವು ಎರಡು ಉಲ್ಲೇಖಗಳು. ಓದುವವನಿಗೆ ಇವು ಎರಡು ಬೇರೆ ಬೇರೆ ಸಂಬಂಧಗಳು.

ವೈದ್ಯಗ್ರಂಥಗಳಲ್ಲಿಯೂ ಇದೇ ಪದ್ಧತಿ ಕಾಣುತ್ತದೆ. ಹದಿನಾಲ್ಕನೆಯ ಶತಮಾನದ ಒಂದನೆಯ ಮಂಗರಾಜನು ವಿಷವೈದ್ಯವನ್ನು ಕುರಿತ ಖಗೇಂದ್ರಮಣಿದರ್ಪಣದಲ್ಲಿ ಪೂಜ್ಯಪಾದನ ವೈದ್ಯಗ್ರಂಥಕ್ಕೆ ತಾನು ಋಣಿಯೆಂಬುದನ್ನು ತಿಳಿಸುತ್ತಾನೆ. ಅವನಿಗಿಂತ ಹಿಂದೆಯೇ ಜಗದ್ದಳ ಸೋಮನಾಥನು ಪೂಜ್ಯಪಾದನ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದಿದ್ದ. ಖಗೇಂದ್ರಮಣಿದರ್ಪಣವು ಎ. ವೆಂಕಟರಾವ್ ಮತ್ತು ಎಚ್. ಶೇಷ ಅಯ್ಯಂಗಾರ್ ಅವರ ಸಂಪಾದನೆಯಲ್ಲಿ ಮದರಾಸು ವಿಶ್ವವಿದ್ಯಾಲಯದ ಕನ್ನಡ ಗ್ರಂಥಮಾಲೆಯಲ್ಲಿ 1942ರಲ್ಲಿ ಪ್ರಕಟವಾಯಿತು. ಇದೇ ವಿದ್ವಾಂಸರು ಕವಿರಾಜಮಾರ್ಗವನ್ನು 1930ರಲ್ಲಿ ಇಲ್ಲಿಂದಲೇ ಹೊರತಂದಿದ್ದರು. ವೈದ್ಯವಿಜ್ಞಾನದ ಉಲ್ಲೇಖವನ್ನು ಕನ್ನಡ ವಿಭಾಗವು ಚರ್ಚಿಸುವುದು ಅನುಚಿತವಲ್ಲ ಎಂಬುದಕ್ಕೆ ಇಷ್ಟು ಸಾಕು.

೩. ಉಲ್ಲೇಖ ಸೂಚಿಯ ಹುಟ್ಟು

ಉಲ್ಲೇಖಗಳನ್ನು ವ್ಯವಸ್ಥಿತವಾಗಿ ಕಲೆಹಾಕುವ ಆಲೋಚನೆಯನ್ನು ವಿಜ್ಞಾನಿಗಳ ಮುಂದಿಟ್ಟವರು ಅಮೆರಿಕದ ಯೂಜೀನ್ ಗಾರ್ಫೀಲ್ಡ್. 1955ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅವರ ಲೇಖನ ಇದಕ್ಕೆ ತಳಹದಿ. ಹಿಂದಿನ ತೀರ್ಪೊಂದನ್ನು ಮುಂದಿನ ಯಾವ ತೀರ್ಪುಗಳು ಎತ್ತಿಹಿಡಿದವು, ಯಾವುವು ತಳ್ಳಿಹಾಕಿದವು ಎಂದು ತಿಳಿಯಲು ಆ ದೇಶದ ವಕೀಲರು ಬಳಸುತ್ತಿದ್ದ ಶೆಪರ್ಡ್ ಸೂಚಿಯೇ ಅವರಿಗೆ ಮಾದರಿ. 1964ರಿಂದ ವಿಜ್ಞಾನ ಉಲ್ಲೇಖ ಸೂಚಿಯು ಸಂಪುಟಗಳಾಗಿ ಹೊರಬರತೊಡಗಿತು.

ಒಂದು ವಿಷಯವನ್ನು ಕುರಿತ ಬರಹಗಳನ್ನು ಹುಡುಕಿಕೊಳ್ಳಲು ನೆರವಾಗುವುದು ಈ ಸೂಚಿಯ ಮೂಲ ಉದ್ದೇಶವಾಗಿತ್ತು. ವ್ಯಕ್ತಿಗಳನ್ನು ತೂಗುವ ಕೆಲಸಕ್ಕೆ ಅದನ್ನು ಹೆಚ್ಚುಹೆಚ್ಚಾಗಿ ಬಳಸಿದ್ದು ಅನಂತರ. 2005ರಲ್ಲಿ ಭೌತವಿಜ್ಞಾನಿ ಹಿರ್ಷ್ ಅವರು ಸೂಚಿಸಿದ ಎಚ್-ಸೂಚ್ಯಂಕ ಇದನ್ನು ಇನ್ನಷ್ಟು ಸುಲಭಗೊಳಿಸಿತು. ಒಬ್ಬರ ಹತ್ತು ಬರಹಗಳು ತಲಾ ಹತ್ತು ಬಾರಿಯಾದರೂ ಉಲ್ಲೇಖಗೊಂಡಿದ್ದು, ಹನ್ನೊಂದು ಬರಹಗಳು ತಲಾ ಹನ್ನೊಂದು ಬಾರಿ ಉಲ್ಲೇಖಗೊಂಡಿಲ್ಲದಿದ್ದರೆ ಅವರ ಸೂಚ್ಯಂಕ ಹತ್ತು. ಒಂದೇ ಬರಹ ಹತ್ತು ಸಾವಿರ ಉಲ್ಲೇಖಗಳನ್ನು ಪಡೆದರೂ ಈ ಲೆಕ್ಕಕ್ಕೆ ಅದು ಸೇರಿಸುವುದು ಒಂದನ್ನು ಮಾತ್ರ.

೪. ಸುಬ್ಬರಾವ್: 1925ರ ಬರಹ

ಸುಬ್ಬರಾವ್ ಅವರು ಹುಟ್ಟಿದ್ದು ಆಂಧ್ರದ ಭೀಮವರಂನಲ್ಲಿ. ಮದರಾಸಿನ ಹಿಂದೂ ಹೈಸ್ಕೂಲಿನಿಂದ ಮೆಟ್ರಿಕ್ಯುಲೇಷನ್ ಮುಗಿಸಿ, ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಓದಿ, ಮದರಾಸು ವೈದ್ಯಕೀಯ ಕಾಲೇಜನ್ನು ಸೇರಿದರು. ಈ ಮೂರೂ ಸಂಸ್ಥೆಗಳು ಚೇಪಾಕದ ನಮ್ಮ ವಿಶ್ವವಿದ್ಯಾಲಯಕ್ಕೆ ದೂರದವೇನಲ್ಲ. ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿಯ ಉಡುಪಿನಲ್ಲಿ ಶಸ್ತ್ರಚಿಕಿತ್ಸಾ ತರಗತಿಗೆ ಹೋದದ್ದರಿಂದ ಪ್ರಾಧ್ಯಾಪಕರ ಅಸಮಾಧಾನಕ್ಕೆ ಗುರಿಯಾಗಿ, ಎಂ.ಬಿ.ಬಿ.ಎಸ್. ಪದವಿಯ ಬದಲು ಎಲ್.ಎಂ.ಎಸ್. ಪ್ರಮಾಣಪತ್ರವನ್ನಷ್ಟೇ ಪಡೆದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಕೆಲಕಾಲ ಡಾ. ಲಕ್ಷ್ಮೀಪತಿ ಅವರ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರವನ್ನು ಬೋಧಿಸಿದ ಬಳಿಕ 1922ರಲ್ಲಿ ಅಮೆರಿಕದ ಬಾಸ್ಟನ್‌ಗೆ ತೆರಳಿದರು.

ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಸೈರಸ್ ಫಿಸ್ಕ್ ಅವರೊಡನೆ ಕೆಲಸ ಮಾಡಿ 1925ರಲ್ಲಿ ಅವರು ಪ್ರಕಟಿಸಿದ ಬರಹವು ರಂಜಕದ ಪ್ರಮಾಣವನ್ನು ಬಣ್ಣದ ಮೂಲಕ ಅಳೆಯುವ ವಿಧಾನವನ್ನು ಕುರಿತದ್ದು. ರಕ್ತ ಅಥವಾ ಮೂತ್ರದಲ್ಲಿರುವ ಫಾಸ್ಫೇಟನ್ನು ಮಾಲಿಬ್ಡೇಟ್ ಎಂಬ ಲವಣದೊಡನೆ ಸೇರಿಸಿ, ಇನ್ನೊಂದು ರಾಸಾಯನಿಕದಿಂದ ಅದನ್ನು ಅಪಕರ್ಷಿಸಿದರೆ ನೀಲಿ ಬಣ್ಣ ಮೂಡುತ್ತದೆ. ನೀಲಿ ಗಾಢವಾದಷ್ಟೂ ರಂಜಕ ಹೆಚ್ಚು. ಮೂಳೆ, ಮೂತ್ರಪಿಂಡಗಳ ರೋಗಗಳ ತಪಾಸಣೆಗೆ ಈ ಅಳತೆ ಬೇಕು. ಅದುವರೆಗೆ ತೊಡಕಿನದಾಗಿದ್ದ ಕೆಲಸ ಇದರಿಂದ ಸಾಮಾನ್ಯ ಪ್ರಯೋಗಾಲಯಕ್ಕೂ ಸಾಧ್ಯವಾಯಿತು. ಮುಂದೆ ಕೃಷಿ, ಆಹಾರ, ಜೀವರಸಾಯನ ಕ್ಷೇತ್ರಗಳ ಸಂಶೋಧಕರೂ ಇದನ್ನು ಕೈಗೆತ್ತಿಕೊಂಡರು.

ಹತ್ತು ಸಾವಿರವನ್ನು ಮೀರಿದ ಉಲ್ಲೇಖಗಳೊಡನೆ ಈ ಬರಹವು ವಿಜ್ಞಾನದಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ಬರಹಗಳ ಸಾಲಿಗೆ ಸೇರಿದೆ. ಆದರೆ ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಹೀಗೆ ಉಲ್ಲೇಖಿಸುವವರು ಬರಹದ ವಿಚಾರವನ್ನು ಚರ್ಚಿಸುವುದು ಅಪರೂಪ; 'ಈ ವಿಧಾನದಿಂದ ಅಳೆದೆವು' ಎಂದಷ್ಟೇ ಹೇಳಿ ಮುಂದೆ ಸಾಗುತ್ತಾರೆ. ಅತಿ ಹೆಚ್ಚು ಉಲ್ಲೇಖ ಪಡೆದ ಬರಹವೆಂದು ಪ್ರಸಿದ್ಧವಾದ, ಲೌರಿ ಮತ್ತು ಸಂಗಡಿಗರ 1951ರ ಪ್ರೋಟೀನ್ ಅಳತೆಯ ಬರಹವೂ ವಿಧಾನವನ್ನು ಕುರಿತದ್ದೇ. ವ್ಯಾಕರಣದ ಸೂತ್ರಕ್ಕೆ ಓಲೆಗರಿಯ ಮೇಲೆ ಎಷ್ಟು ಟಿಪ್ಪಣಿಗಳಿವೆ ಎಂಬುದರಿಂದ ಸೂತ್ರದ ಬಳಕೆ ತಿಳಿಯುತ್ತದೆ, ಸೂತ್ರಕಾರನ ಪ್ರತಿಭೆಯ ಆಳ ತಿಳಿಯದು. ಎರಡನೆಯದು, ಮುದ್ರಿತ ಉಲ್ಲೇಖ ಸೂಚಿಯಲ್ಲಿ ಉಲ್ಲೇಖಿತ ಬರಹಗಳು ಮೊದಲ ಲೇಖಕನ ಹೆಸರಿನ ಕೆಳಗೆ ಮಾತ್ರ ಬರುತ್ತಿದ್ದವು. ಹಾಗಾಗಿ ಆ ಸಂಪುಟಗಳಲ್ಲಿ ಸುಬ್ಬರಾವ್ ಎಂದು ಹುಡುಕಿದವನಿಗೆ ಅವರ ಅತ್ಯಂತ ಪ್ರಸಿದ್ಧ ಬರಹವೇ ಸಿಗುತ್ತಿರಲಿಲ್ಲ. ಅದು ಫಿಸ್ಕ್ ಎಂಬ ಹೆಸರಿನ ಕೆಳಗೆ ಇರುತ್ತಿತ್ತು.

ಹೆಸರಿನ ತೊಡಕು ಇಷ್ಟಕ್ಕೇ ಮುಗಿಯುವುದಿಲ್ಲ. ಯಲ್ಲಾಪ್ರಗಡ ಎಂಬುದು ಮನೆತನದ ಹೆಸರು, ಸುಬ್ಬರಾವ್ ಎಂಬುದು ಇಟ್ಟ ಹೆಸರು. ಪಶ್ಚಿಮದ ಸೂಚಿಗಳು ಇಟ್ಟ ಹೆಸರನ್ನೇ ಮನೆತನದ ಹೆಸರಾಗಿ ಎಣಿಸಿ, ಮನೆತನವನ್ನು ಒಂದಕ್ಷರಕ್ಕೆ ಇಳಿಸಿದವು. ರೋಮನ್ ಲಿಪಿಯಲ್ಲಿ ಅವರ ಹೆಸರಿಗೆ ಹಲವು ರೂಪಗಳು ಬಂದವು. ಪಾಠಾಂತರಗಳನ್ನು ಹೊಂದಿಸಿ ಮೂಲವನ್ನು ನಿರ್ಣಯಿಸುವ ಕನ್ನಡ ವಿದ್ಯಾರ್ಥಿಗೆ ಈ ತೊಡಕು ಸುಲಭವಾಗಿ ಅರ್ಥವಾಗುತ್ತದೆ. ನರಸಿಂಹಾಚಾರ್, ನರಸಿಂಹಾಚಾರ್ಯ ಎಂಬ ರೂಪಗಳು ಒಬ್ಬರನ್ನೇ ಸೂಚಿಸುತ್ತವೆಯೆಂದು ನಾವು ಬಲ್ಲೆವು. ಯಾಂತ್ರಿಕ ಎಣಿಕೆಗೆ ಅವರು ಇಬ್ಬರು.

೫. ಕಾಣದೆ ಹೋದ ಶೋಧಗಳು

1925ರ ವಿಧಾನವನ್ನು ಬಳಸುವಾಗ ಕಂಡ ಒಂದು ವಿಚಿತ್ರವೇ ಮುಂದಿನ ಶೋಧಕ್ಕೆ ದಾರಿಯಾಯಿತು. ಸ್ನಾಯುವಿನ ಸಾರವನ್ನು ಅಳೆಯುವಾಗ ನೀಲಿ ಬಣ್ಣ ನಿರೀಕ್ಷೆಗೆ ವಿರುದ್ಧವಾಗಿ ತಡವಾಗಿ ಮೂಡುತ್ತಿತ್ತು. ಸುಲಭವಾಗಿ ಒಡೆಯುವ ರಂಜಕದ ಸಂಯುಕ್ತವೊಂದು ಅಲ್ಲಿದೆಯೆಂಬುದು ಇದರಿಂದ ಹೊಳೆಯಿತು. 1927ರಲ್ಲಿ ಫಿಸ್ಕ್ ಮತ್ತು ಸುಬ್ಬರಾವ್ ಫಾಸ್ಫೋಕ್ರಿಯಾಟಿನ್ ಎಂಬ ಆ ವಸ್ತುವನ್ನು ಪ್ರಕಟಿಸಿದರು. ಸ್ನಾಯು ಸಂಕುಚಿಸುವಾಗ ಇದು ಒಡೆಯುತ್ತದೆ, ವಿಶ್ರಾಂತಿಯಲ್ಲಿ ಮತ್ತೆ ಕೂಡುತ್ತದೆ. ಅದೇ ವರ್ಷ ಇಂಗ್ಲೆಂಡಿನ ಎಗಲ್ಟನ್ ದಂಪತಿಗಳೂ ಇದೇ ವಸ್ತುವನ್ನು ಗುರುತಿಸಿದ್ದರು. ಲ್ಯಾಕ್ಟಿಕ್ ಆಮ್ಲವೇ ಸ್ನಾಯುವಿನ ಶಕ್ತಿಗೆ ಮೂಲವೆಂದು ಅಂದು ರೂಢಿಯಲ್ಲಿದ್ದ ವಾದವನ್ನು ಈ ಶೋಧ ಸಡಿಲಿಸಿತು. 1929ರಲ್ಲಿ ಇವರಿಬ್ಬರು ಎ.ಟಿ.ಪಿ.ಯನ್ನು ಸ್ನಾಯುವಿನಿಂದ ಬೇರ್ಪಡಿಸಿದುದನ್ನು ಪ್ರಕಟಿಸಿದರು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಅವರೂ ಅದನ್ನು ಪ್ರಕಟಿಸಿದ್ದರು.

ಎ.ಟಿ.ಪಿ. ಎಂಬುದು ಜೀವಕೋಶದ ಶಕ್ತಿಯ ನಾಣ್ಯವೆಂದು ಇಂದು ಪ್ರೌಢಶಾಲೆಯ ಮಕ್ಕಳೂ ಓದುತ್ತಾರೆ. ಪ್ರತಿವರ್ಷ ಅದನ್ನು ಕುರಿತು ಬರೆಯುವ ಸಂಶೋಧಕರು ಲೆಕ್ಕವಿಲ್ಲದಷ್ಟು. ಅವರಲ್ಲಿ 1929ರ ಬರಹವನ್ನು ಉಲ್ಲೇಖಿಸುವವರು ವಿರಳ. ಯಾವ ಶೋಧ ಎಲ್ಲರ ಅರಿವಿನಲ್ಲಿ ಕರಗಿಹೋಗುತ್ತದೆಯೋ ಅದರ ಉಲ್ಲೇಖವೂ ನಿಂತುಹೋಗುತ್ತದೆ ಎಂಬುದನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಗುರುತಿಸಿದ್ದಾರೆ. ಹೀಗೆ ಅಳೆಯುವ ವಿಧಾನಕ್ಕೆ ಉಲ್ಲೇಖಗಳ ರಾಶಿ ದೊರೆಯಿತು. ಆ ವಿಧಾನದಿಂದ ದೊರೆತ, ಅದಕ್ಕಿಂತ ಹಿರಿದಾದ ಶೋಧವು ಉಲ್ಲೇಖದಿಂದಾಚೆಗೆ ಸಾಗಿತು. ಮೊದಲಿಗೆ ಕನ್ನಡದಲ್ಲಿ ಕಂದಪದ್ಯವನ್ನು ಬರೆದವನಾರು ಎಂದು ಯಾವ ಕವಿಯೂ ಹೇಳದೆ ಕಂದವನ್ನು ಬಳಸುತ್ತ ಬಂದಂತೆ ಇದು.

ಸುಬ್ಬರಾವ್ 1930ರಲ್ಲಿ ಪಿಎಚ್.ಡಿ. ಪಡೆದರೂ ಹಾರ್ವರ್ಡಿನಲ್ಲಿ ಅವರಿಗೆ ಖಾಯಂ ಹುದ್ದೆ ದೊರೆಯಲಿಲ್ಲ. ಅಲ್ಲಿ ಅವರು ಬೇರ್ಪಡಿಸಿದ ಕೆಲವು ವಸ್ತುಗಳ ವಿವರ ಬೆಳಕಿಗೆ ಬರದೆ, ಅನಂತರ ಬೇರೆಯವರು ಅವನ್ನು ಮತ್ತೆ ಕಂಡುಹಿಡಿಯಬೇಕಾಯಿತೆಂದು, ಅದೇ ಪ್ರಯೋಗಾಲಯದಲ್ಲಿ ಕಲಿತು 1988ರಲ್ಲಿ ನೊಬೆಲ್ ಪಡೆದ ಜಾರ್ಜ್ ಹಿಚಿಂಗ್ಸ್ ಹೇಳಿದ್ದುಂಟು. ಪ್ರಕಟವಾಗದ ಕೆಲಸಕ್ಕೆ ಉಲ್ಲೇಖದ ಲೆಕ್ಕದಲ್ಲಿ ಯಾವ ಸ್ಥಾನವೂ ಇಲ್ಲ.

೬. ಲೆಡರ್ಲೆ ಪ್ರಯೋಗಾಲಯದ ವರ್ಷಗಳು

1940ರಲ್ಲಿ ಸುಬ್ಬರಾವ್ ಅವರು ಪರ್ಲ್ ರಿವರ್ ಎಂಬಲ್ಲಿಯ ಲೆಡರ್ಲೆ ಪ್ರಯೋಗಾಲಯವನ್ನು ಸೇರಿದರು. ಅಲ್ಲಿ ಸಂಶೋಧನೆಯ ನಿರ್ದೇಶಕರಾಗಿ ಅವರು ಮಾಡಿಸಿದ ಕೆಲಸ ವೈದ್ಯಜಗತ್ತಿನಲ್ಲಿ ಪ್ರಸಿದ್ಧ. ಆದರೆ ಬರಹಗಳ ಶಿರೋಭಾಗದಲ್ಲಿ ಅವರ ಹೆಸರು ಕಾಣುವ ಬಗೆಯನ್ನು ನೋಡಬೇಕು.

ಫೋಲಿಕ್ ಆಮ್ಲದ ಸಂಶ್ಲೇಷಣೆಯನ್ನು ತಿಳಿಸಿದ 1945ರ ಬರಹಕ್ಕೆ ಹದಿನಾರು ಲೇಖಕರು. ಮೊದಲ ಹೆಸರು ಆಂಗಿಯರ್ ಅವರದು. ಸುಬ್ಬರಾವ್ ಹೆಸರು ನಡುವೆ ಬರುತ್ತದೆ. ಆನೆಕಾಲು ರೋಗಕ್ಕೆ ಇಂದಿಗೂ ಕೊಡುವ ಡೈಈಥೈಲ್‌ಕಾರ್ಬಮಜೀನ್ ಎಂಬ ಔಷಧಿಯನ್ನು ಕುರಿತ 1947ರ ಬರಹಗಳಲ್ಲಿ ಹ್ಯುವಿಟ್ ಮೊದಲಾದವರು ಮುಂದಿದ್ದಾರೆ. ಆರಿಯೋಮೈಸಿನ್ ಎಂಬ ಪ್ರತಿಜೀವಕವನ್ನು 1948ರಲ್ಲಿ ಲೋಕಕ್ಕೆ ತಿಳಿಸಿದ ಬರಹ ಡಗ್ಗರ್ ಅವರ ಹೆಸರಿನಲ್ಲಿದೆ. ಅದೇ ವರ್ಷ ಸಿಡ್ನಿ ಫಾರ್ಬರ್ ಮತ್ತು ಸಂಗಡಿಗರು ಅಮಿನೋಪ್ಟೆರಿನ್ ಕೊಟ್ಟು ರಕ್ತದ ಕ್ಯಾನ್ಸರಿಗೆ ತುತ್ತಾದ ಮಕ್ಕಳಲ್ಲಿ ತಾತ್ಕಾಲಿಕ ಚೇತರಿಕೆಯನ್ನು ಕಂಡ ವರದಿಯನ್ನು ಪ್ರಕಟಿಸಿದರು. ಚಿಕಿತ್ಸೆ ಪಡೆದ ಹದಿನಾರು ಮಕ್ಕಳಲ್ಲಿ ಹತ್ತು ಮಂದಿ ಚೇತರಿಸಿಕೊಂಡಿದ್ದರು. ಔಷಧಿ ಸಿದ್ಧವಾದದ್ದು ಸುಬ್ಬರಾವ್ ಅವರ ತಂಡದಲ್ಲಿ. ವರದಿಯ ಲೇಖಕರಲ್ಲಿ ಅವರಿಲ್ಲ. ಆ ವರ್ಷದ ಆಗಸ್ಟಿನಲ್ಲಿ ಅವರು ತೀರಿಕೊಂಡರು.

ಇಂದು ಗೂಗಲ್ ಸ್ಕಾಲರ್ ಮೊದಲಾದ ಸಾಧನಗಳು ಎಲ್ಲ ಲೇಖಕರ ಹೆಸರನ್ನೂ ಗುರುತಿಸುತ್ತವೆ. ಆದರೆ ಹೆಸರೇ ಇಲ್ಲದ ಬರಹದಲ್ಲಿ ಅವು ಏನನ್ನೂ ಕಾಣಲಾರವು. ಕವಿರಾಜಮಾರ್ಗದ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆಯನ್ನು ಇಲ್ಲಿ ನೆನೆಯಬಹುದು. ದೊರೆಯ ಅನುಮತ ಒಂದು, ಕವಿಯ ಕೆಲಸ ಇನ್ನೊಂದು. ಅವೆರಡನ್ನೂ ಬೇರ್ಪಡಿಸಲು ನಮ್ಮ ವಿದ್ವಾಂಸರು ಗ್ರಂಥದ ಒಳಗಿನ ಸಾಕ್ಷ್ಯವನ್ನು ಪದಪದವಾಗಿ ಓದಬೇಕಾಯಿತು. ಸುಬ್ಬರಾವ್ ಅವರ ಪಾಲನ್ನು ತಿಳಿಯಲೂ ಸಹೋದ್ಯೋಗಿಗಳ ನೆನಪು, ಪತ್ರ, ಪ್ರಯೋಗಾಲಯದ ದಾಖಲೆಗಳನ್ನು ಓದುವುದೇ ಮಾರ್ಗ. ಸಂಗಡಿಗರು ಹೊಸ ಶಿಲೀಂಧ್ರವೊಂದಕ್ಕೆ 1953ರಲ್ಲಿ ಸುಬ್ಬರೋಮೈಸಿಸ್ ಎಂಬ ಹೆಸರು ಕೊಟ್ಟರು. ಅದೂ ಒಂದು ಉಲ್ಲೇಖವೇ.

೭. ಲೇಖಕನಿಲ್ಲದ ಬರಹ: ಮದರಾಸಿನ ಕ್ಷಯ ಸಂಶೋಧನೆ

ಇದೇ ಊರಿನ ಇನ್ನೊಂದು ನಿದರ್ಶನವನ್ನು ಜೊತೆಗಿಟ್ಟು ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. 1956ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಳಿ ಕೂಡಿ ಇಲ್ಲಿ ಕ್ಷಯರೋಗದ ಔಷಧೋಪಚಾರ ಕೇಂದ್ರವನ್ನು ಆರಂಭಿಸಿದವು. ಅದು ಇಂದು ಚೇತ್‌ಪೇಟ್‌ನಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಶೋಧನ ಸಂಸ್ಥೆ. ಬಡ ರೋಗಿಗಳನ್ನು ಆರೋಗ್ಯಧಾಮದಲ್ಲಿ ಇರಿಸದೆ ಮನೆಯಲ್ಲೇ ಔಷಧಿ ಕೊಟ್ಟು ಗುಣಪಡಿಸಬಹುದೇ ಎಂಬುದು ಅದರ ಮುಂದಿದ್ದ ಪ್ರಶ್ನೆ. 193 ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮನೆಯಲ್ಲಿ, ಇನ್ನೊಂದಕ್ಕೆ ಆರೋಗ್ಯಧಾಮದಲ್ಲಿ ಒಂದು ವರ್ಷ ಅದೇ ಔಷಧಿಗಳನ್ನು ಕೊಡಲಾಯಿತು. ಒಳ್ಳೆಯ ಊಟ, ಗಾಳಿ, ವಿಶ್ರಾಂತಿಗಳ ಅನುಕೂಲ ಆರೋಗ್ಯಧಾಮದವರಿಗಿದ್ದರೂ ಎರಡು ಗುಂಪುಗಳ ಫಲಿತಾಂಶ ಹೆಚ್ಚುಕಡಿಮೆ ಸಮವಾಗಿತ್ತು. ಮನೆಯಲ್ಲಿ ರೋಗಿಯೊಡನಿದ್ದವರಿಗೂ ಅದರಿಂದ ಹೆಚ್ಚಿನ ಅಪಾಯವಾಗಲಿಲ್ಲವೆಂದು ಮುಂದಿನ ವರದಿಗಳು ತೋರಿಸಿದವು.

ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 1959ರಲ್ಲಿ ಬಂದ, ಸುಮಾರು ತೊಂಬತ್ತು ಪುಟಗಳ ಆ ವರದಿಯ ಲೇಖಕನ ಸ್ಥಾನದಲ್ಲಿ ಇರುವುದು ಕೇಂದ್ರದ ಹೆಸರು. ವ್ಯಕ್ತಿಗಳ ಸೂಚ್ಯಂಕಕ್ಕೆ ಅದರಿಂದ ಒಂದೂ ಸೇರದು. ಆದರೆ ಕ್ಷಯಕ್ಕೆ ಆರೋಗ್ಯಧಾಮ ಅನಿವಾರ್ಯವೆಂಬ ನಂಬಿಕೆಯನ್ನು ಜಗತ್ತಿನಾದ್ಯಂತ ಕದಲಿಸಿದ ಬರಹಗಳಲ್ಲಿ ಇದು ಮುಖ್ಯ. 1962ರಲ್ಲಿ ಆರಂಭವಾದ, ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ರೂಪಿಸಿದ ರಾಷ್ಟ್ರೀಯ ಕಾರ್ಯಕ್ರಮವು ಮನೆಯಲ್ಲಿನ ಚಿಕಿತ್ಸೆಯನ್ನೇ ಅವಲಂಬಿಸಿತು. ಔಷಧಿ ತೆಗೆದುಕೊಂಡು ಮನೆಯಲ್ಲೇ ಉಳಿದ ರೋಗಿ ಯಾವ ಲೇಖನವನ್ನೂ ಬರೆಯುವುದಿಲ್ಲ. ಅವನ ಬದುಕು ಯಾವ ಸೂಚಿಯಲ್ಲೂ ದಾಖಲಾಗುವುದಿಲ್ಲ.

೮. ಕನ್ನಡ ಸಂಶೋಧನೆಗೆ ಸಂಬಂಧಿಸಿದಂತೆ

ಕನ್ನಡದಲ್ಲಿ ಅತಿ ಹೆಚ್ಚಾಗಿ ಬಳಕೆಯಾದ ಸಂಶೋಧನ ಗ್ರಂಥಗಳಲ್ಲಿ ಆರ್. ನರಸಿಂಹಾಚಾರ್ ಅವರ ಕರ್ಣಾಟಕ ಕವಿಚರಿತೆಯ ಮೂರು ಸಂಪುಟಗಳನ್ನು ಮೊದಲು ಹೇಳಬೇಕು. ಅವುಗಳ ನೆರವಿಲ್ಲದೆ ಪ್ರಾಚೀನ ಕವಿಯೊಬ್ಬನನ್ನು ಕುರಿತು ಬರೆದವರು ಕಡಮೆ. ಆದರೂ ಆ ಗ್ರಂಥದ ಉಲ್ಲೇಖಸಂಖ್ಯೆಯನ್ನು ಯಾರೂ ಹೇಳಲಾರರು. ಕನ್ನಡ ಪುಸ್ತಕಗಳ ಅಡಿಟಿಪ್ಪಣಿಗಳನ್ನು ಯಾವ ಸೂಚಿಯೂ ಪೂರ್ಣವಾಗಿ ಕಲೆಹಾಕಿಲ್ಲ. ಆದ್ದರಿಂದ ಕನ್ನಡ ವಿದ್ವಾಂಸನ ಹೆಸರಿನ ಮುಂದೆ ಬೀಳುವ ಸೊನ್ನೆಯು ಆತನ ಕೃತಿಯನ್ನು ಯಾರೂ ಬಳಸಲಿಲ್ಲ ಎಂದು ಹೇಳುವುದಿಲ್ಲ. ಅಲ್ಲಿ ಯಾರೂ ನೋಡಲಿಲ್ಲ ಎಂದಷ್ಟೇ ಹೇಳುತ್ತದೆ.

ಇದರಲ್ಲಿ ನಮ್ಮ ತಪ್ಪೂ ಇದೆ. ಸಂಪಾದಿತ ಗ್ರಂಥದಿಂದ ಪದ್ಯವನ್ನು ಎತ್ತಿಕೊಂಡು ಕವಿಯ ಹೆಸರನ್ನು ಮಾತ್ರ ಕೊಟ್ಟು ಸಂಪಾದಕರ ಹೆಸರನ್ನು ಬಿಡುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಮಂಗರಾಜನನ್ನು ಉಲ್ಲೇಖಿಸುವವರು ವೆಂಕಟರಾವ್, ಶೇಷ ಅಯ್ಯಂಗಾರ್ ಅವರನ್ನು ಮರೆಯುತ್ತಾರೆ. ಲೆಡರ್ಲೆಯ ಬರಹಗಳಲ್ಲಿ ಸುಬ್ಬರಾವ್ ಅವರಿಗೆ ಆದದ್ದನ್ನೇ ನಾವು ನಮ್ಮ ಸಂಪಾದಕರಿಗೆ ಮಾಡುತ್ತಿದ್ದೇವೆ.

ಗ್ರಂಥಸಂಪಾದನೆಯ ತತ್ತ್ವವೊಂದು ಇಲ್ಲಿ ನೆರವಿಗೆ ಬರುತ್ತದೆ. ಒಂದು ಪಾಠಕ್ಕೆ ಎಷ್ಟು ಪ್ರತಿಗಳ ಬೆಂಬಲವಿದೆ ಎಂದು ಎಣಿಸಿದರೆ ಸಾಲದು. ಒಂದೇ ಮಾತೃಕೆಯಿಂದ ನಕಲಾದ ಹತ್ತು ಪ್ರತಿಗಳು ಒಂದೇ ಸಾಕ್ಷಿಗೆ ಸಮ. ಬೇರೆ ಮೂಲದಿಂದ ಬಂದ ಒಂಟಿ ಪ್ರತಿ ಅವೆಲ್ಲವನ್ನೂ ಮೀರಿ ಶುದ್ಧಪಾಠವನ್ನು ಕೊಡಬಲ್ಲದು. ಇದನ್ನು ತರಗತಿಯಲ್ಲಿ ಬೋಧಿಸುವ ನಾವು ಆಯ್ಕೆಸಮಿತಿಯಲ್ಲಿ ಕುಳಿತಾಗ ಮರೆಯಬಾರದು.

೯. ಉಪಸಂಹಾರ

ಈವರೆಗಿನ ಪರಿಶೀಲನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಉಲ್ಲೇಖಗಳ ಸಂಖ್ಯೆ ಒಂದು ಬರಹದ ಬಳಕೆಯನ್ನು ಸೂಚಿಸುತ್ತದೆ, ಅದರ ಬೆಲೆಯನ್ನು ನಿರ್ಣಯಿಸುವುದಿಲ್ಲ. ವಿಧಾನದ ಬರಹಕ್ಕೆ ಉಲ್ಲೇಖ ಹೆಚ್ಚು. ಎಲ್ಲರ ತಿಳಿವಳಿಕೆಯಾಗಿಬಿಟ್ಟ ಶೋಧಕ್ಕೆ ಕಡಮೆ. ಸಾಮೂಹಿಕ ಕೆಲಸದಲ್ಲಿ ವ್ಯಕ್ತಿಯ ಪಾಲನ್ನು ಸಂಖ್ಯೆ ತೋರಿಸಲಾರದು. ಸೂಚಿಯಿಲ್ಲದ ಭಾಷೆಯಲ್ಲಿ ಸೊನ್ನೆಗೆ ಅರ್ಥವಿಲ್ಲ. ಸಂಖ್ಯೆಗಳನ್ನೇ ನೆಚ್ಚದೆ ಬರಹವನ್ನು ಓದಿ ಬೆಲೆ ಕಟ್ಟಬೇಕೆಂದು 2012ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆಯ ಮೂಲಕ ವಿಜ್ಞಾನಿಗಳೇ ಕೇಳಿಕೊಂಡಿದ್ದಾರೆ.

ಹಾಗೆಂದು ಉಲ್ಲೇಖ ಬೇಡವೆಂದಲ್ಲ. ಅದನ್ನು ಇನ್ನಷ್ಟು ಪ್ರಾಮಾಣಿಕವಾಗಿ ಮಾಡಬೇಕು. ವಿದ್ಯಾರ್ಥಿಗಳು ತಮ್ಮ ಪ್ರಬಂಧಗಳಲ್ಲಿ ಕವಿಯ ಜೊತೆಗೆ ಸಂಪಾದಕರನ್ನೂ ಆವೃತ್ತಿಯ ವರ್ಷವನ್ನೂ ಹೇಳಲಿ. ಅಧ್ಯಾಪಕರು ಅರ್ಜಿಯಲ್ಲಿ ಸಂಖ್ಯೆಯ ಜೊತೆಗೆ ತಮ್ಮ ಕೃತಿಯನ್ನು ಯಾರು, ಯಾವುದಕ್ಕಾಗಿ ಬಳಸಿದರೆಂಬ ಒಂದು ಪುಟದ ವಿವರವನ್ನು ಲಗತ್ತಿಸಲಿ. ಪರಿಶೀಲಕರು ಆ ಪುಟವನ್ನು ಓದಲಿ. ಆ ಕಿರಿಯ ಅಧ್ಯಾಪಕರ ಅರ್ಜಿ ಮತ್ತೊಮ್ಮೆ ನನ್ನ ಮುಂದೆ ಬಂದರೆ, ಸೊನ್ನೆಯ ಪಕ್ಕದಲ್ಲಿ ಅವರ ಪಾಠವನ್ನು ಅವಲಂಬಿಸಿದ ಪ್ರಬಂಧಗಳ ಹೆಸರುಗಳನ್ನು ಬರೆದ ಮೇಲೆಯೇ ನಾನು ಸಹಿ ಹಾಕುತ್ತೇನೆ.